ಸೆಂಟ್ರಿಂಗ್ ಹಲಗೆ

ಕೂತರೂ ನೋವು, ನಿಂತರೂ ನೋವು. ಮಗ್ಗುಲು ಬದಲಿಸಲೂ ಮುನಿಶಾಮಮ್ಮನಿಗೆ ಜೊತೆಯಾಳು ಮಾರಕ್ಕನ ಕೈ ಬೇಕಾಗಿತ್ತು. ಇಂದಿರಾನಗರದಲ್ಲಿ ಆಗಷ್ಟೇ ಬಂಗಲೆಗಳು ಏಳುತ್ತಿದ್ದ ಕಾಲ. ಅಂಥದೊಂದು ಬಂಗಲೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ತಾರಸಿಯ ಕಾಂಕ್ರೀಟಿಗೆ ಅಡಿಯಿಂದ ಆಸರೆ ಕೊಡುವ ಸೆಂಟ್ರಿಂಗಿಗೆ ತಂದ ಹಲಗೆಯೊಂದರ ಮೇಲೆ ಅವಳು ಅಂಗಾತ ಬಿದ್ದಿದ್ದಳು. ಆಳಿನ ಖರ್ಚು ಉಳಿಸಲೆಂದು ಕಂಟ್ರಾಕ್ಟರ್ ಅಂಜನಮೂರ್ತಿ ಒಬ್ಬೊಬ್ಬರ ತಲೆಗೆ ಎರಡೆರಡು ಬಾಂಡ್ಲಿ ಜಲ್ಲಿ ಹೊರಿಸಿದ್ದ. ಬೊಂಬಿನ ಸಾರುವೆ ಏರುವಾಗ ಅವಳ ಸೊಂಟ ಹಿಡಿದುಕೊಂಡಿತು. ಈಗ ನೋವು ತೊಡೆಯ ಹಿಂದಿನಿಂದ ಹಿಮ್ಮಡಿವರೆಗೂ ಎಳೆಯುತ್ತಿತ್ತು.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಅವಳ ಕಾಲೆತ್ತಿಸಿ, ಬೆರಳು ಮಡಿಸಿ ನೋಡಿದ್ದರು.

"ಕಾಲಲ್ಲಿ ಶಕ್ತಿ ಇದೆಯಮ್ಮ. ಈಗ್ಲೇ ಕೊಯ್ಯೋದು ಬೇಡ. ಮಾತ್ರೆ ತಗೊಂಡು ಒಂದು ತಿಂಗಳು ಗಟ್ಟಿ ಹಲಗೆ ಮೇಲೆ ಮಲಗು. ಭಾರ ಎತ್ತಬೇಡ. ಕಾಲು ಸೋತ್ರೆ, ಜೋಮು ಹಿಡಿದ್ರೆ ತಕ್ಷಣ ಬಾ. ಆಗ ಆಪರೇಷನ್ ನೋಡೋಣ."

ಮಲಗು ಅಂದುಬಿಟ್ಟರು ಪುಣ್ಯಾತ್ಮರು. ಎಲ್ಲಿ ಅಂತ ಹೇಳಲಿಲ್ಲ. ದುಡಿಯುವವರಿಗಷ್ಟೇ ಶೆಡ್ಡು ಎನ್ನುವುದು ಅಂಜನಮೂರ್ತಿಯ ಕಾನೂನು.

ಅವನು ಬಾಗಿಲಲ್ಲಿ ನಿಂತು ಧರ್ಮರಾಯನ ಹಾಗೆ ಮಾತಾಡಿದ.

"ನಂಗೆ ಗೊತ್ತಿರೋ ನರ್ಸಿಂಗ್ ಹೋಮ್ ಐತೆ. ಆಪರೇಷನ್ ಮಾಡಿಸ್ಬಿಡ್ತೀನಿ. ಖರ್ಚೆಲ್ಲಾ ನಂದು."

"ಆಮೇಕೆ ಸಾಮಿ?"

"ಊರಿಗೋಗಿ ಸುಧಾರಿಸ್ಕೋ."

"ಊರಾಗೆ ಯಾರವ್ರೆ ನಂಗೆ?"

"ಅದನ್ನೂ ನಾನೇ ನೋಡ್ಬೇಕಾ? ನಾಡಿದ್ದು ತಾರಸಿ ಮೋಲ್ಡು. ಅಷ್ಟರಲ್ಲಿ ಜಾಗ ಖಾಲಿ ಆಗ್ಬೇಕು. ಸೆಂಟ್ರಿಂಗಿಗೆ ಈ ಹಲಗೆನೂ ಬೇಕು."

ಅವನು ಹೋದ ಮೇಲೆ ಅವಳ ಜೀವ ಒಂದೆಡೆ ನಿಲ್ಲಲಿಲ್ಲ. ಒಂದು ಗಳಿಗೆ ಕೊಯ್ಯಿಸಿಕೊಂಡು ಪಾರಾಗೋಣ ಅನ್ನಿಸಿತು. ಮರುಗಳಿಗೆ ಚಾಕು ನೆನೆದು ಬೇಡವೇ ಬೇಡ ಅನ್ನಿಸಿತು.

"ಕುಯ್ಸಿದ್ರೆ ಬಿರ್ರನೆ ಬಾಂಡ್ಲಿ ಎತ್ತೋಕಾಯ್ತದಾ ಅಕ್ಕ?"

ಬಿಸಿ ಉಪ್ಪಿನ ಗಂಟು ಒತ್ತುತ್ತಿದ್ದ ಮಾರಕ್ಕ ತಲೆಯಾಡಿಸಿದಳು. "ಎಲ್ಲಾಯ್ತದೆ? ಕುಯ್ಸಿದ್ರೂ ಮಲಗ್ಬೇಕು, ಕುಯ್ಸದೆ ಇದ್ರೂ ಮಲಗ್ಬೇಕು. ಆವಯ್ಯ ಮಲಗೋ ಜಾಗಾನೇ ಕಿತ್ಕೊಳ್ತಾವ್ನೆ ಕಣೆ."

ಮುನಿಶಾಮಮ್ಮನಿಗೆ ಆಗ ಸಿಟ್ಟು ಬಂತು. ಇಷ್ಟು ದಿನ ಬರೀ ಅಳು ಬರುತ್ತಿತ್ತು.

"ನಾನು ಕುಯ್ಸಲ್ಲ. ಇಲ್ಲೇ ಮಲಗ್ತೀನಿ."

"ಮಲಗು. ಮಿಕ್ಕಿದ್ದು ನಮಗೆ ಬಿಡು."

ಮಾರನೆಯ ದಿನ ಸೆಂಟ್ರಿಂಗ್ ಆಳು ಬಂದು ಹಲಗೆ ಕೇಳಿದ. ಅವಳು ಅಲ್ಲಾಡಲಿಲ್ಲ. ಅವನು ತಲೆ ಕೆರೆದುಕೊಂಡು ಬೇರೆ ಹಲಗೆ ಹುಡುಕಿಕೊಂಡು ಹೋದ.

ಮೋಲ್ಡಿನ ದಿನ ಹೊರಗೆ ಮಿಕ್ಸರ್ ಗರಗರ ಎಂದಿತು. ಹೆಂಗಸರು ಸಾರುವೆಯುದ್ದಕ್ಕೂ ಸಾಲಾಗಿ ನಿಂತು ಕಾಂಕ್ರೀಟಿನ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುವ ಸದ್ದು ಶೆಡ್ಡಿಗೆ ಕೇಳುತ್ತಿತ್ತು. ಮೋಲ್ಡು ಒಮ್ಮೆ ಶುರುವಾದರೆ ನಡುವೆ ನಿಲ್ಲಿಸುವಂತಿಲ್ಲ. ನಿಂತರೆ ಹಳೆಯದಕ್ಕೆ ಹೊಸದು ಕೂಡದೆ ತಾರಸಿ ಸೋರುತ್ತದೆ. ಇದು ಕಂಟ್ರಾಕ್ಟರಿಗೆ ಎಷ್ಟು ಗೊತ್ತೋ ಆಳಿಗೂ ಅಷ್ಟೇ ಗೊತ್ತು.

ಅರ್ಧ ತಾರಸಿ ಆಗಿರಬೇಕು. ಬಾಂಡ್ಲಿಗಳ ಸದ್ದು ನಿಂತುಹೋಯಿತು. ಆಮೇಲೆ ಮಾರಕ್ಕನ ಗಂಟಲು ಕೇಳಿಸಿತು.

"ಮುನಿಶಾಮಮ್ಮ ವಾಸಿ ಆಗೋಗಂಟ ಶೆಡ್ಡಿನಾಗೇ ಇರ್ತಾಳೆ. ಅವಳಿಗೆ ಅರ್ಧ ಕೂಲಿ ಕೊಡ್ಬೇಕು. ಇನ್ನು ಒಬ್ಬೊಬ್ರಿಗೆ ಒಂದೇ ಬಾಂಡ್ಲಿ. ಇಲ್ಲೇ ನಿಂತವ್ರಲ್ಲ ಮನೆ ಯಜಮಾನ್ರು, ಅವ್ರ ಮುಂದೆ ಒಪ್ಕೊಳ್ಳಿ, ಆಮೇಕೆ ಕೈ ಹಾಕ್ತೀವಿ."

ಬೈಗುಳ ಕೇಳಿತು. ಬೆದರಿಕೆ ಕೇಳಿತು. ಬಾಂಡ್ಲಿಯ ಸದ್ದು ಮಾತ್ರ ಕೇಳಲಿಲ್ಲ.

ಅಂಜನಮೂರ್ತಿ ಶೆಡ್ಡಿಗೆ ನುಗ್ಗಿದ. ಅಂಗಿ ಬೆವರಿನಲ್ಲಿ ಒದ್ದೆಯಾಗಿತ್ತು.

"ಕಾಂಕ್ರೀಟು ಗಟ್ಟಿ ಆಗ್ತಾ ಐತೆ. ನೀನಾದ್ರೂ ಎದ್ದು ಬಂದು ಅವ್ರಿಗೆ ಒಂದು ಮಾತು ಹೇಳಮ್ಮ."

ಅಮ್ಮ ಎಂದು ಅವನು ಕರೆದದ್ದು ಅದೇ ಮೊದಲು. ಮುನಿಶಾಮಮ್ಮ ಹಲಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಡಾಕ್ಟ್ರು ಏಳ್ಬೇಡ ಅಂದವ್ರೆ ಸಾಮಿ."