ನಿಧಾನವಾಗಿದೆ ಎಂದು ವಾಪಸ್ ಬಂದ ರೆಕಾರ್ಡಿಗೊಂದು ಶಿಫಾರಸು

ಕ್ಷಮಿಸಿ. ಈ ಕಥೆ ಹೇಳುವ ಅರ್ಹತೆ ನನಗಿದೆ ಎಂದು ನನಗೇ ನಂಬಿಕೆಯಿಲ್ಲ. ನಾನು ರೆಕಾರ್ಡ್ ಅಂಗಡಿಯಲ್ಲಿ ಕೆಲಸ ಮಾಡುವವಳು. ಹಳೆಯ ಆಲ್ಬಂಗಳು ಮರುಮುದ್ರಣವಾಗಿ ಬಂದಾಗ ಅಂಗೈಯಗಲದ ಕಾರ್ಡಿನಲ್ಲಿ ಶಿಫಾರಸು ಬರೆದು ಅಂಟಿಸುತ್ತೇನೆ. "ಕೊಳಲಿನ ಆಲ್ಬಂ. ಎರಡನೇ ಬದಿ ಮೊದಲು ಕೇಳಿ." ಅಷ್ಟೇ ನನ್ನ ಸಾಹಿತ್ಯ. ಮೊದಲ ವಾಕ್ಯದಲ್ಲೇ ಓದುಗರ ಕೈ ಹಿಡಿಯಬೇಕು ಎಂದು ಸಂಜೆ ಕ್ಲಾಸಿನ ಮೇಷ್ಟ್ರು ಹೇಳಿದ್ದರು. ನಾನು ಕಾಲು ಹಿಡಿದುಕೊಂಡಿದ್ದೇನೆ.

೧. ಮೊದಲ ಡ್ರಾಫ್ಟು

"ಮಳೆ ಸುರಿಯುತ್ತಿತ್ತು. ಮರೆತುಹೋದ ಗಾಯಕಿ ಬಾಗಿಲಲ್ಲಿ ನಿಂತಿದ್ದಳು."

ಹೊಡೆದುಹಾಕಿದೆ. ಮಳೆ ಇರಲಿಲ್ಲ, ಉರಿಬಿಸಿಲು. ಆಕೆ ಬಾಗಿಲಲ್ಲಿ ನಿಲ್ಲಲೂ ಇಲ್ಲ. ತಂಗಿಯ ಜೊತೆ ಸೀದಾ ಒಳಗೆ ಬಂದು ಕಿಟಕಿಯ ಅಳತೆ ತೆಗೆಯತೊಡಗಿದರು. ಈಗ ಅವರು ಪರದೆ ಹೊಲಿಯುತ್ತಾರೆ. ಬಿಸಿಲಿಗೆ ರೆಕಾರ್ಡುಗಳು ಡೊಂಕಾಗುತ್ತವೆಂದು ನಮ್ಮ ಮಾಲೀಕರು ಕರೆಸಿದ್ದರು. (ಕಾಕತಾಳೀಯ ಎಂದು ಮೂಗು ಮುರಿಯಬೇಡಿ. ಹಳೆಯ ಪರದೆ ಚೆನ್ನಾಗಿಯೇ ಇತ್ತು. ಮಾಲೀಕರು ಬೇಕೆಂದೇ ಕರೆಸಿದ್ದರು.)

೨. ಇದನ್ನು ಮೊದಲೇ ಹೇಳಬೇಕಿತ್ತು

ಹರೆಯದಲ್ಲಿ ಆಕೆ ಒಂದೇ ಒಂದು ಆಲ್ಬಂ ಹಾಡಿದ್ದರು. ಅದು ಮನೆಮಾತಾಯಿತು. ವೇದಿಕೆಗೆ ಕರೆದರು. ಅಲ್ಲಿ ದನಿ ರೆಕಾರ್ಡಿನ ಎತ್ತರಕ್ಕೆ ಏರಲೇ ಇಲ್ಲ. "ಯಾರೋ ಹಾಡಿದ್ದಕ್ಕೆ ಇವಳ ಫೋಟೋ ಅಂಟಿಸಿದಾರೆ!" ಎಂದು ಹಿಂದಿನ ಸಾಲಿನಿಂದ ಕೂಗಿದರು. ಆಮೇಲೆ ಆಕೆ ಹಾಡಲಿಲ್ಲ. ಅಡುಗೆಮನೆಯಲ್ಲೂ ಇಲ್ಲ.

ಈಗ ಆ ಆಲ್ಬಂ ಮರುಮುದ್ರಣವಾಗಿದೆ. ಕೊಂಡವರು ಒಬ್ಬೊಬ್ಬರಾಗಿ ವಾಪಸ್ ತರುತ್ತಿದ್ದಾರೆ. "ನಿದ್ದೆಗಣ್ಣಲ್ಲಿ ಹಾಡಿದಂಗಿದೆ, ಬೇರೆ ಕೊಡಿ." ಇದಕ್ಕೆ ನಾನು ಶಿಫಾರಸು ಬರೆಯಬೇಕು.

೩.

ಮಾಲೀಕರು ಮೊದಲು ಆಕೆಯದೇ ಹಳೆಯ ರೆಕಾರ್ಡು ಹಾಕಿದರು.

"ಆಫ್ ಮಾಡಿ ಸಾರ್, ತಲೆನೋವು," ಎಂದರು ಗಾಯಕಿ, ಕಿಟಕಿಯಿಂದ ತಿರುಗದೆ.

ಆಮೇಲೆ ಮರುಮುದ್ರಣದ ಹೊಸದು. ಆಕೆಯ ಕೈಯಲ್ಲಿದ್ದ ಅಳತೆಪಟ್ಟಿ ಹಾಗೇ ನಿಂತಿತು.

"ಅಕ್ಕಾ, ಇದು ನೀನೇ ಕಣೇ!" ಎಂದರು ತಂಗಿ. "ನನ್ನ ಮಲಗಿಸುವಾಗ ಹಿಂಗೇ ಹಾಡ್ತಿದ್ದೆ."

"ಸುಮ್ನಿರೇ. ಕೇಳಿಸ್ಕೋತಿದೀನಿ."

"ಅಮ್ಮಾ, ನೀವು ಹಾಡಿದ್ದು ಇದೇ," ಎಂದರು ಮಾಲೀಕರು. "ಆಗ ಟೇಪಿಂದ ರೆಕಾರ್ಡಿಗೆ ಇಳಿಸುವಾಗ ಕಂಪನಿಯವರ ಮಷೀನು ಒಂಚೂರು ಜೋರಾಗಿ ಓಡಿತ್ತಂತೆ. ಅದು ಜೋರಾದ್ರೆ ದನಿನೂ ಮೇಲೇರುತ್ತೆ. ಈಗ ಮರುಮುದ್ರಣಕ್ಕೆ ಅಂತ ಮೂಲ ಟೇಪು ಹಾಕಿದಾಗ ಅವರಿಗೆ ಗೊತ್ತಾಯ್ತು. ಆ ಎತ್ತರದಲ್ಲಿ ನೀವು ಯಾವತ್ತೂ ಹಾಡೇ ಇಲ್ಲ."

ಆಕೆಯ ಕಣ್ಣಲ್ಲಿ ನೀರು ತುಂಬಿ—

(ಇಲ್ಲಿ ಪಾತ್ರವೇ ಕಾಗದದೊಳಗಿಂದ ತಲೆಯೆತ್ತಿ ನನ್ನನ್ನು ದುರುಗುಟ್ಟಿ ನೋಡಿತು.

"ಏನಮ್ಮಾ, ನಾನೆಲ್ಲಿ ಅತ್ತೆ?"

"ಓದುಗರಿಗೆ ಸ್ವಲ್ಪ..."

"ಬೇಕಿದ್ರೆ ಅವರೇ ಅಳಲಿ. ನನಗೆ ಬಂದಿದ್ದು ಸಿಟ್ಟು. ಅದನ್ನ ಬರಿ."

ಬರೆಯುತ್ತೇನಮ್ಮಾ.)

೩, ತಿದ್ದಿದ್ದು.

"ಅಂದ್ರೆ, ಯಾವುದೋ ಮೋಟಾರು ಓಡಿದ್ದಕ್ಕೆ ನಾನು ಇಷ್ಟು ವರ್ಷ ಬಾಯಿ ಮುಚ್ಕೊಂಡು ಕೂತಿದ್ನಾ?"

ಮಾಲೀಕರು ತಲೆ ತಗ್ಗಿಸಿದರು, ಮೋಟಾರು ಅವರದೇ ಎಂಬಂತೆ.

"ಬಾಯಿ ಎಲ್ಲಿ ಮುಚ್ಚಿದ್ದೆ?" ಎಂದರು ತಂಗಿ. "ದಿನಾ ನನ್ನ ಬೈತಿದ್ಯಲ್ಲ."

ಸಿಟ್ಟಿನ ನಡುವೆಯೇ ಗಾಯಕಿಗೆ ನಗು ಬಂತು. ಮಾಲೀಕರು ಅದೇ ಸಂದು ಹಿಡಿದು, ಭಾನುವಾರ ಅಂಗಡಿಯಲ್ಲೇ, ಹತ್ತು ಕುರ್ಚಿ ಹಾಕಿ, ಒಂದೇ ಒಂದು ಹಾಡು ಎಂದು ಕೇಳಿಕೊಂಡರು.

"ಪರದೆ ಕೊಡೋಕೆ ಬರ್ತೀನಿ," ಎಂದರು ಆಕೆ. "ಮಿಕ್ಕಿದ್ದು ಆಮೇಲೆ."

೪. ಮುಕ್ತಾಯಗಳು (ಬೇಕಾದ್ದು ಆರಿಸಿಕೊಳ್ಳಿ, ಹೊಂದದಿದ್ದರೆ ವಾಪಸ್ ಮಾಡಿ)

ಅ) ಭಾನುವಾರ ಆಕೆ ಹಾಡುತ್ತಾರೆ. ರೆಕಾರ್ಡು ವಾಪಸ್ ಕೊಟ್ಟವರೆಲ್ಲ ಮತ್ತೆ ಕೊಳ್ಳಲು ಸಾಲು ನಿಲ್ಲುತ್ತಾರೆ. (ಇದನ್ನು ನಮ್ಮ ಮಾಲೀಕರು ಬರೆಸಿದ್ದು.)

ಆ) ಪರದೆ ಕಟ್ಟಿ, ಕೈ ಮುಗಿದು ಹೊರಡುತ್ತಾರೆ. (ಇದು ಮೇಷ್ಟ್ರಿಗೆ ಇಷ್ಟವಾಗುತ್ತದೆ. ನನಗೆ ಆಗುವುದಿಲ್ಲ.)

ಇ) ಹಾಡಲು ಕೂರುತ್ತಾರೆ, ಆದರೆ ವಯಸ್ಸಾದ ದನಿ ಈ ಸರಿಯಾದ ಎತ್ತರಕ್ಕೂ ಏರುವುದಿಲ್ಲ. ಆಗ ಆಕೆಯೇ ಶ್ರುತಿ ಇಳಿಸಿಕೊಂಡು ಮೊದಲಿನಿಂದ... (ಈ ವಾಕ್ಯ ಮುಗಿಸಲು ನಾನು ಯಾರು?)

೫.

ಶಿಫಾರಸು ಮಾತ್ರ ಬರೆದು ಅಂಟಿಸಿದೆ: "ನಿಧಾನ ಅನ್ನಿಸಿದರೆ ವಾಪಸ್ ಮಾಡುವ ಮುಂಚೆ ಇನ್ನೊಮ್ಮೆ ಕೇಳಿ. ಹಾಡಿದವರು ಹಾಡಿದ್ದು ಹೀಗೆ." ನಿನ್ನೆ ಒಬ್ಬರು ಕೊಂಡರು. ಇನ್ನೂ ವಾಪಸ್ ತಂದಿಲ್ಲ.

ಇವತ್ತು ಬೆಳಿಗ್ಗೆ ತಂಗಿ ಫೋನು ಮಾಡಿದರು. ದನಿ ತಗ್ಗಿಸಿದ್ದರು.

"ಅಕ್ಕ ಬಾಗಿಲು ಹಾಕ್ಕೊಂಡು ನಿಮ್ಮ ಪರದೆ ಹೊಲೀತಿದಾಳೆ. ಆಗಾಗ ಹೊಲಿಗೆ ಮಷೀನು ನಿಲ್ಲುತ್ತೆ. ತುಂಬ ಹೊತ್ತು ನಿಲ್ಲುತ್ತೆ."

"ಹಾಡ್ತಿದಾರಾ?"

"ನೋಡೋಣ ಅಂತ ಬಾಗಿಲ ಹತ್ರ ಹೋದ್ರೆ ಸಾಕು, ಮಷೀನು ಶುರು!"

ಭಾನುವಾರ ಇನ್ನೂ ಬಂದಿಲ್ಲ. ಮಷೀನು ನಿಂತಿರುವಾಗ ಆ ಕೋಣೆಯಲ್ಲಿ ಏನಾಗುತ್ತಿದೆಯೋ ನನಗೆ ಗೊತ್ತಿಲ್ಲ.