ಒಡ್ಡು ಒಡೆಯಲು ಆರು ಗಂಟೆ

ತಪ್ಪು ಮಾಡಿದ್ದು ನಾನು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಘಟ್ಟದಲ್ಲಿ ಗುಡ್ಡ ಕುಸಿದು ಹೊಳೆಗೆ ಅಡ್ಡ ಬಿದ್ದಿತ್ತು. ಆ ಮಣ್ಣಿನ ಒಡ್ಡಿನ ಹಿಂದೆ ದಿನದಿಂದ ದಿನಕ್ಕೆ ನೀರು ಏರುತ್ತಿತ್ತು. ಕೆಳಗೆ ಹೊಳೆಬದಿಯಲ್ಲಿ ಇಪ್ಪತ್ತಮೂರು ಮನೆಗಳ ಕಾಲನಿ. ಒಡ್ಡು ಒಡೆದರೆ ನೀರು ಎಲ್ಲಿಗೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕೆಲಸ ದೇರೆಬೈಲಿನ ನಮ್ಮ ಕಚೇರಿಗೆ ಬಂತು. ಕೊಟ್ಟದ್ದು ಅಲ್ಲಿ ವಿದ್ಯುತ್ ಘಟಕ ಕಟ್ಟುತ್ತಿದ್ದ ಕಂಪನಿ. ಕುಸಿದದ್ದು ಅವರ ರಸ್ತೆಗೆಂದು ಕಡಿದ ಗುಡ್ಡವೇ.

ನಾನು ಹಿಂದಿನ ತಿಂಗಳು ಮಾಡಿದ್ದ ಕೆರೆ ಏರಿಯೊಂದರ ಫೈಲು ತೆರೆದು ಅದರಲ್ಲೇ ಈ ಹೊಳೆಯ ಅಳತೆ ತುಂಬಿಸಿದೆ. ಪೂರ್ತಿ ಒಡೆಯಲು ತಗಲುವ ಸಮಯ ಎಂಬಲ್ಲಿ ಹಳೆಯ ಅಂಕಿ ಹಾಗೆಯೇ ಉಳಿಯಿತು: ಆರು ಗಂಟೆ. ರೋಲರ್ ಹೊಡೆದು ಗಟ್ಟಿ ಮಾಡಿದ ಏರಿಗೆ ಅದು ಸರಿ. ನಕ್ಷೆಯಲ್ಲಿ ನೀರು ನಿಧಾನವಾಗಿ ಇಳಿಯಿತು, ಕಾಲನಿ ಅಪಾಯದ ಗೆರೆಯ ಹೊರಗೆ ಉಳಿಯಿತು. ಆ ವರದಿ ನೋಡಿ ತಾಲೂಕು ಕಚೇರಿಯವರು, ಮುನ್ನೆಚ್ಚರಿಕೆಗೆಂದು ಶಾಲೆಯಲ್ಲಿ ಇರಿಸಿದ್ದ ಕಾಲನಿಯವರನ್ನು ಮನೆಗೆ ಕಳಿಸಿ ಶಾಲೆಗೆ ಬೀಗ ಹಾಕಿದರು.

ಮರುದಿನ ಬೆಳಿಗ್ಗೆ ಅಪ್ಪ ಅಂಗಳದಲ್ಲಿ ಹಾರೆ ತೊಳೆಯುತ್ತಿದ್ದರು. ಮಳೆಗಾಲದಲ್ಲಿ ನಮ್ಮ ತೋಡು ಕಡಲು ಸೇರುವ ಬಾಯನ್ನು, ಅಂದರೆ ಅಳಿವೆಯನ್ನು, ಸಮುದ್ರ ಮರಳು ತಂದು ಮುಚ್ಚುತ್ತದೆ. ನೀರು ಮನೆಗಳಿಗೆ ನುಗ್ಗುವ ಮೊದಲು ಮೀನುಗಾರರೆಲ್ಲ ಸೇರಿ ಅದನ್ನು ಕಡಿಯುತ್ತಾರೆ; ಅಪ್ಪ ಅಲ್ಲಿಂದಲೇ ಬಂದಿದ್ದರು.

“ತುಂಬ ಹೊತ್ತು ಹಿಡಿಯಿತಾ ಅಪ್ಪ?”

“ಎಂತ ಹೊತ್ತು! ಒಂದು ಹಾರೆ ಅಗಲ ಕಡಿದದ್ದು. ಚಾ ಕುಡಿದು ಬರುವಾಗ ಲಾರಿ ಹೋಗುವಷ್ಟು ಆಗಿತ್ತು. ಜೊತೆಗಿದ್ದ ರಂಜಿತನ ಚಪ್ಪಲಿಯೂ ನೀರಿಗೆ ಹೋಯ್ತು.”

ನಾನು ತಿಂಡಿ ಬಿಟ್ಟು ಬಸ್ ಹಿಡಿದೆ. ಕಚೇರಿಯಲ್ಲಿ ಫೈಲು ತೆರೆದು, ಆರು ಗಂಟೆ ತೆಗೆದು ಅರ್ಧ ಗಂಟೆ ಹಾಕಿದೆ. ಈಗ ನಕ್ಷೆಯಲ್ಲಿ, ಒಡೆಯಲು ಶುರುವಾದ ನಲವತ್ತು ನಿಮಿಷಕ್ಕೆ ಕಾಲನಿಯ ಅಂಗನವಾಡಿಯ ಬಳಿ ಒಂದಾಳೆತ್ತರ ನೀರು.

ನಕ್ಷೆಯನ್ನು ಎಡ್ವಿನ್ ಸರ್ ಮೇಜಿನ ಮೇಲಿಟ್ಟೆ. ಕಚೇರಿ ಅವರದು.

“ವರದಿ ಹೋಗಿ ಆಯ್ತಲ್ಲ ಯಶ್ಮಿತಾ.”

“ತಪ್ಪು ವರದಿ ಸರ್.”

“ಅರ್ಧ ಗಂಟೆ ಅಂತ ಯಾವ ಪುಸ್ತಕದಲ್ಲಿ ಉಂಟು?”

“ಆರು ಗಂಟೆ ಯಾವುದರಲ್ಲಿ ಉಂಟು? ಇದು ಮೊನ್ನೆ ಬಿದ್ದ ಸಡಿಲ ಮಣ್ಣು. ನಮ್ಮಲ್ಲಿ ಅಳಿವೆ ಕಡಿದರೆ…”

“ಓಹೋ. ನಿಮ್ಮ ಅಪ್ಪನ ಹಾರೆಯನ್ನೂ ವರದಿಗೆ ಸೇರಿಸುವಾ?” ಅವರು ನಕ್ಕರು. “ಮುಂದಿನ ವಾರ ತಿದ್ದಿ ಕಳಿಸುವಾ. ಈಗ ಕಳಿಸಿದರೆ ಕಂಪನಿಯವರ ಕೆಲಸ ನಿಲ್ಲುತ್ತದೆ ಮಾರಾಯ್ತಿ.”

ಮುಂದಿನ ವಾರವಂತೆ! ನೀರು ಒಡ್ಡಿನ ತಲೆ ಮುಟ್ಟಲು ಒಂದೂವರೆ ಮೀಟರ್ ಬಾಕಿ; ಈ ಮಳೆಗೆ ಅದು ವಾರ ಕಾಯುವುದಿಲ್ಲ. ಅದು ಕಂಪನಿಯವರೇ ಕಳಿಸಿದ ಅಳತೆ. ಎಡ್ವಿನ್ ಸರ್ ಮೇಜಿನ ಮೇಲೆಯೇ ಇತ್ತು.

ತಾಲೂಕು ಕಚೇರಿಗೆ ಫೋನ್ ಮಾಡಿದೆ. ತಿದ್ದುಪಡಿ ಕಂಪನಿಯ ಮೂಲಕವೇ ಬರಬೇಕಂತೆ. ನೀರಿಗೆ ಆ ಕ್ರಮ ಗೊತ್ತಿಲ್ಲ ಎಂದೆ. ಫೋನ್ ಇಟ್ಟರು.

ಸರ್ವೆ ಹಾಳೆಯಲ್ಲಿ ಅಂಗನವಾಡಿ ಟೀಚರ್ ಹೇಮಾಕ್ಷಿಯವರ ನಂಬರ್ ಇತ್ತು. ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ, ಎಡ್ವಿನ್ ಸರ್ ಹೇಳಿದ್ದನ್ನೂ.

“ನಿನ್ನೆ ಭಯ ಇಲ್ಲ ಅಂತ ಬರೆದದ್ದು ಯಾರು?”

“ನಾನೇ.”

ಆ ಕಡೆ ಮಳೆಯ ಸದ್ದನ್ನೂ ಮೀರಿ ಅವರ ಧ್ವನಿ ಏರಿತು.

“ಮಕ್ಕಳನ್ನು, ಬಾಣಂತಿಯನ್ನು ಎತ್ತಿಕೊಂಡು ವಾಪಸ್ ಬಂದೆವು. ನಿಮಗೆ ನಾಚಿಕೆ ಆಗುವುದಿಲ್ಲವಾ?”

“ಆಗ್ತದೆ.”

“ಹಾಗಾದರೆ ಬರೆದು ಕೊಡಿ. ಬಾಯಿಮಾತಿಗೆ ಇಲ್ಲಿ ಯಾರೂ ಶಾಲೆಯ ಬೀಗ ತೆಗೆಯುವುದಿಲ್ಲ.”

ಕಚೇರಿಯ ಕಾಗದದಲ್ಲೇ ಬರೆದೆ: ನಿನ್ನೆಯ ವರದಿ ತಪ್ಪು, ತಪ್ಪು ನನ್ನದು, ಕಾಲನಿ ಇವತ್ತೇ ಖಾಲಿಯಾಗಬೇಕು. ಕೆಳಗೆ ಸಹಿ. ಫೋಟೋ ತೆಗೆದು ಹೇಮಾಕ್ಷಿಯವರಿಗೆ, ತಾಲೂಕು ಕಚೇರಿಗೆ ಕಳಿಸಿದೆ. ಎಡ್ವಿನ್ ಸರ್‌ಗೂ ಕಳಿಸಿದೆ.

ಹತ್ತು ನಿಮಿಷದಲ್ಲಿ ಅವರು ಹೊರಗೆ ಬಂದು, ನಾಳೆಯಿಂದ ಬರಬೇಡ ಎಂದರು. ಬ್ಯಾಗ್ ತುಂಬಿಸುತ್ತಿದ್ದಾಗ ಹೇಮಾಕ್ಷಿಯವರ ಧ್ವನಿ ಸಂದೇಶ ಬಂತು. ಎಡ್ವಿನ್ ಸರ್‌ಗೂ ಕೇಳಲೆಂದು ಸದ್ದು ಜಾಸ್ತಿ ಮಾಡಿದೆ.

“ನಿಮ್ಮ ಕಾಗದ ತೋರಿಸಿ ಬೀಗ ತೆಗೆಸಿದೆವು. ಎಲ್ಲರೂ ಹೊರಟಾಯ್ತು. ನಿಮ್ಮ ಸರ್‌ಗೆ ಹೇಳಿ, ಅಂಗನವಾಡಿ ಖಾಲಿ ಉಂಟು. ಬೇಕಾದರೆ ಬಂದು ಆರು ಗಂಟೆ ಕೂತುಕೊಳ್ಳಲಿ.”