ಹುರಿದ ಅಜವಾನ

ಹತ್ತಿ ಹಿಂಜುವ ಕೆಲಸದವನು ಬೀಡಿ ಸೇದಬಾರದು ಎಂದು ಅಮೀರಸಾಬನಿಗೆ ಯಾರೂ ಹೇಳಿರಲಿಲ್ಲ ಎಂದೇನಲ್ಲ. ಊರೆಲ್ಲ ಹೇಳಿತ್ತು. ಕೇಳುವ ಕಿವಿ ಇರಬೇಕಲ್ಲ! ಇಂಡಿ ತಾಲೂಕಿನಿಂದ ಮುಂಬಯಿಗೆ ಬಂದ ಈ ನದಾಫ, ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಚೆಂಬೂರಿನ ಕಾಲನಿಗಳಲ್ಲಿ 'ಗಾದೀವಾಲಾ' ಎಂದು ಕೂಗುತ್ತ ತಿರುಗುವವನು. ಹಳೆಯ ಗಾದಿ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿಯುವುದು ಅವನ ಕಸುಬು. ದಿನವಿಡೀ ಎದೆಯೊಳಗೆ ಹತ್ತಿಯ ಧೂಳು, ಅದರ ಮೇಲೆ ಬೀಡಿಯ ಹೊಗೆ. ಸಾವಿರದ ಒಂಬೈನೂರ ಅರವತ್ತೊಂಬತ್ತರ ಚಳಿಗಾಲಕ್ಕೆ ಅವನ ಕೂಗಿಗಿಂತ ಮೊದಲು ಕೆಮ್ಮು ಬರತೊಡಗಿತು. ಹಾಗೆ ಕೆಮ್ಮುವವನ ಕೈಗೆ ತಾವು ಮಲಗುವ ಗಾದಿಯನ್ನು ಯಾರು ಕೊಟ್ಟಾರು? ಹೆಂಗಸರು ಅವನನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದರು.

ಕುರ್ಲಾದ ಚಾಳಿನಲ್ಲಿ ಅವನಿಗೊಂದು ಖೋಲಿ ಇತ್ತು. ಹೆಂಡತಿ ಅಜೀಜಾಬಿ ತೀರಿಕೊಂಡ ಮೇಲೆ ಆ ಖೋಲಿಯಲ್ಲಿ ಮಾತೆಂಬುದೇ ಇರಲಿಲ್ಲ. ನೆರೆಹೊರೆಯವರು ಕೆಟ್ಟವರೇನಲ್ಲ, ಆದರೆ ಅವರ ಮರಾಠಿಗೂ ಇವನ ಹರಕು ಹಿಂದಿಗೂ ನೀರಿನ ನಲ್ಲಿಯ ತನಕ ಮಾತ್ರ ಸಂಬಂಧ. ತನ್ನ ಮಾತಿನಲ್ಲಿ ಮಾತಾಡಬೇಕೆಂದರೆ ಅವನಿಗೆ ಇದ್ದವನು ಒಬ್ಬನೇ, ಅಣವೀರಪ್ಪ. ಪಕ್ಕದ ಹಳ್ಳಿಯವನು, ಲಿಂಗಾಯತರವನು, ಕುರ್ಲಾದ ಒಂದು ನೂಲಿನ ಮಿಲ್ಲಿನಲ್ಲಿ ಕೆಲಸ.

ಸಂಜೆಯಾದರೆ ಇಬ್ಬರೂ ಸ್ಟೇಷನ್ ಸೇತುವೆಯ ಕೆಳಗಿನ ಕಟ್ಟೆಯ ಮೇಲೆ ಕೂಡುತ್ತಿದ್ದರು. ಒಂದು ಕಡ್ಡಿಗೆ ಎರಡು ಬೀಡಿ. ಕಡ್ಡಿ ಆರಿದರೆ ಒಬ್ಬನ ಬೀಡಿಯ ತುದಿಗೆ ಇನ್ನೊಬ್ಬನ ಬೀಡಿ. ಬೀಡಿ ಒಂದೇ ಉಳಿದಿದ್ದರೆ ಅರ್ಧ ಇವನು ಸೇದಿ ಉಳಿದರ್ಧ ಅವನಿಗೆ. ಅಣವೀರಪ್ಪ ಅಮೀರಸಾಬನ ಖೋಲಿಯಲ್ಲಿ ಒಂದು ದಿನವೂ ನೀರು ಕುಡಿದವನಲ್ಲ. ಅಜೀಜಾಬಿ ಸತ್ತ ದಿನವೂ ಹೊಸ್ತಿಲ ಹೊರಗೇ ಕೂತು ಅತ್ತು ಎದ್ದುಹೋಗಿದ್ದ. ಅದಕ್ಕೆ ಅಮೀರಸಾಬ ಬೇಸರ ಮಾಡಿಕೊಂಡವನೂ ಅಲ್ಲ. ಬೀಡಿಗೆ ಮಾತ್ರ ಆ ಮಡಿ ಗಿಡಿ ಏನೂ ಇರಲಿಲ್ಲ, ಯಾಕೆ ಎಂದು ಇಬ್ಬರೂ ಕೇಳಿಕೊಂಡಿರಲಿಲ್ಲ.

ಕೆಮ್ಮಿನಲ್ಲಿ ರಕ್ತದ ಗೆರೆ ಕಂಡ ಮೇಲೆ ಅಮೀರಸಾಬ ಹೆದರಿ ದೊಡ್ಡ ಆಸ್ಪತ್ರೆಗೆ ಹೋದ. ಅವರು ಎದೆಯ ಫೋಟೋ ತೆಗೆದು, ಕ್ಷಯವಲ್ಲ, ಬೀಡಿ ಬಿಡು ಎಂದು ಕಳಿಸಿದರು. ಬಿಡುವುದು ಹೇಗೆ ಎಂದು ಅವರೂ ಹೇಳಲಿಲ್ಲ. ಅದನ್ನು ಹೇಳಿದವರು ದೂರದ ಜೋಗೇಶ್ವರಿಯಲ್ಲಿ ಔಷಧದ ಅಂಗಡಿ ಇಟ್ಟಿದ್ದ, ಊರ ಕಡೆಯವರೇ ಆದ ಗುರಲಿಂಗಪ್ಪ ಪಂಡಿತರು.

"ಅಜವಾನ, ಬಡೇಸೋಪು ಹುರದು, ಸೈಂಧವ ಉಪ್ಪು ಹಚ್ಚಿ ಕಿಸೇದಾಗ ಇಟ್ಕೊ. ಬೀಡಿ ನೆನಪಾದಾಗೊಮ್ಮೆ ಒಂದು ಚಿಟಿಕಿ ಬಾಯಾಗ ಹಾಕ್ಕೊ. ಮುಂಜಾನೆದ್ದು ಬಿಸಿನೀರು ಕುಡದು, ಉಸಿರು ಉದ್ದಕ್ಕ ಎಳಕೋತ ನಡಿ. ಮಲಗೂ ಮುಂದ ಜೇಷ್ಠಮಧು ಕಷಾಯ. ಮತ್ತ ಬೀಡಿ ಸೇದವ್ರ ಮಗ್ಗಲಾ ಕೂಡಬ್ಯಾಡ."

"ಅವರನ್ನ ಬಿಟ್ಟರ ನನ್ನ ಮಗ್ಗಲಾ ಕೂಡಾವ್ರು ಯಾರದಾರ್ರೀ?"

ಪಂಡಿತರು ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಮೂಗಿಗೇರಿಸಿದರು. ಅವರ ಚಟ ಅವರಿಗೆ! "ಮೊದಲ ಎದಿ ನೆಟ್ಟಗ ಮಾಡ್ಕೊ. ದೋಸ್ತಿ ಆಮ್ಯಾಲೆ ನೋಡೂಣು," ಎಂದರು.

ಅಮೀರಸಾಬ ಅಣವೀರಪ್ಪನಿಗೆ ಒಂದು ಮಾತೂ ಹೇಳದೆ ಕಟ್ಟೆಗೆ ಹೋಗುವುದನ್ನು ಬಿಟ್ಟ. ಹೇಳಲು ಹೋದರೆ ಕೂಡಬೇಕು, ಕೂತರೆ ಬೀಡಿ ಹಚ್ಚಬೇಕು. ಮೊದಮೊದಲು ತಲೆ ಸಿಡಿಯಿತು, ನಲ್ಲಿಯ ಸಾಲಿನಲ್ಲಿ ಕಂಡಕಂಡವರ ಮೇಲೆ ರೇಗಿದ. ಅಜವಾನ, ಅದೇ ಓಮಕಾಳು, ಜಗಿದು ಜಗಿದು ನಾಲಿಗೆ ಸುಟ್ಟಂತಾಯಿತು. ಅದನ್ನೆಲ್ಲ ತಡೆದುಕೊಂಡಾನು, ಸಂಜೆಯನ್ನು ತಡೆಯುವುದು ಕಷ್ಟವಾಯಿತು. ಬಾಯಿಗೆ ಬೇಕಾಗಿದ್ದು ಬೀಡಿಯೋ ಮಾತೋ ಅವನಿಗೇ ತಿಳಿಯಲಿಲ್ಲ. ಎಷ್ಟೋ ಸಂಜೆ ಗೋಡೆಯ ಕಡೆ ಮುಖ ಮಾಡಿ ಅತ್ತ.

ಆದರೂ ಪಂಡಿತರ ಮಾತು ಸುಳ್ಳಾಗಲಿಲ್ಲ. ಬೇಸಿಗೆ ಬರುವ ಹೊತ್ತಿಗೆ ಕೆಮ್ಮು ನಿಂತಿತು. ಕಾಲನಿಯ ಬಾಗಿಲುಗಳು ಮತ್ತೆ ತೆರೆದವು. ಒಂದು ದಿನ ಅಮೀರಸಾಬ ಸೇತುವೆಯ ಮೆಟ್ಟಿಲನ್ನು ಎಲ್ಲೂ ನಿಲ್ಲದೆ ಹತ್ತಿಬಿಟ್ಟ. ಮೇಲೆ ನಿಂತು, ಇದನ್ನು ಯಾರಿಗೆ ಹೇಳಲಿ ಎಂದು ನೋಡಿದರೆ ಅಣವೀರಪ್ಪನಲ್ಲದೆ ಇನ್ಯಾರೂ ನೆನಪಾಗಲಿಲ್ಲ. ಮರುದಿನ ಹೊಸದಾಗಿ ಅಜವಾನ ಹುರಿದು, ಕಾಗದದಲ್ಲಿ ಕಟ್ಟಿಕೊಂಡು ಕಟ್ಟೆಗೆ ಹೋದ.

"ಸತ್ತಿ ಅಂತ ಮಾಡಿದ್ನೆಲೋ," ಎಂದು ಅಣವೀರಪ್ಪ ಅವನ ಭುಜ ಹಿಡಿದು ಅಲುಗಾಡಿಸಿದ. ಮಾತು ಮುಗಿಯುವುದರೊಳಗೆ ಒಂದು ಬೀಡಿಯನ್ನೂ ಮುಂದೆ ಹಿಡಿದ.

"ಬೀಡಿ ಬಿಟ್ಟೀನೋ ಅಣವೀರಾ. ಎದಿ ಹಗುರಾಗೇತಿ. ನೀನೂ ಬಿಡು, ನಿಂದೂ ಕೆಮ್ಮು ಕೇಳಾಕ ಆಗವಲ್ತು." ಅಮೀರಸಾಬ ಪೊಟ್ಟಣ ಬಿಚ್ಚಿ ಅಂಗೈಯಲ್ಲಿ ಅಜವಾನ ಸುರಿದುಕೊಂಡು ನೀಡಿದ. "ಹಿಡಿ. ಇಬ್ಬರೂ ಕೂಡಿ ಇದನ್ನಽ ತಿನ್ನೂಣು."

ಅಣವೀರಪ್ಪ ಅಂಗೈ ನೋಡಿದ, ಕೈ ಚಾಚಲಿಲ್ಲ.

"ನಾ ಹೆಂಗ ತಿನ್ನಲಿ? ನಿನಗ ಗೊತ್ತಿಲ್ಲೇನು?"

"ನಾ ಸೇದಿ ಬಿಟ್ಟ ಬೀಡಿ ಸೇದತಿದ್ದಿ."

"ಬೀಡಿ ಬ್ಯಾರೆ. ಅದರಾಗ ಬೆಂಕಿ ಇರತೈತಿ."

"ಇದೂ ಬೆಂಕಿ ಮ್ಯಾಲೆ ಹುರದದ್ದಽ."

"ಖರೆ," ಎಂದ ಅಣವೀರಪ್ಪ. "ಆದರ ಹುರದಾಂವ ನೀ."

ಅವನು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. "ನಮ್ಮವ್ವ ಬೆಳಸಿದ್ದು ಹಂಗ. ಕೈ ಏಳಂಗಿಲ್ಲ ನೋಡು, ಏನ ಮಾಡ್ಲಿ? ಒಂದಽ ಜುರಿಕಿ ಎಳಿಯೋ, ಅಮೀರಾ. ಮೊದಲಿನಂಗ ಕೂಡೂಣು."

ಅಮೀರಸಾಬನಿಗೆ ಆಸೆಯಾಗಲಿಲ್ಲವೆಂದರೆ ಸುಳ್ಳು. ಒಂದು ದಮ್ಮು ಎಳೆದರೆ ಸಾಕು, ಊರಿನ ಮಾತು, ಮಳೆಯ ಮಾತು, ಉಂಡಿಯೇನೋ ಎಂದು ಕೇಳುವ ಒಂದು ದನಿ, ಎಲ್ಲವೂ ತಿರುಗಿ ಬರುತ್ತಿತ್ತು. ಕೆಮ್ಮೂ ಬರುತ್ತಿತ್ತು. ಅವನ ಕೈ ಅರ್ಧ ಎದ್ದು ಅಲ್ಲೇ ನಿಂತಿತು.

"ಬ್ಯಾಡೋ," ಎಂದ.

ಅಣವೀರಪ್ಪ ಒಬ್ಬನೇ ಬೀಡಿ ಹಚ್ಚಿದ. ಗೆಳೆಯನ ಎದೆಗೆ ತಾಗದಿರಲೆಂದು ಮುಖ ಆಚೆ ತಿರುಗಿಸಿ ಹೊಗೆ ಬಿಟ್ಟ. ಅಮೀರಸಾಬ ಅಂಗೈಯಲ್ಲಿದ್ದುದನ್ನು ತಾನೇ ಬಾಯಿಗೆ ಹಾಕಿಕೊಂಡು ಜಗಿಯುತ್ತ ಕೂತ. ಬೀಡಿ ಮುಗಿಯಿತು. ಇಬ್ಬರೂ ಎದ್ದರು. ನಾಳೆ ಬರುತ್ತೀಯಾ ಎಂದು ಅವನು ಕೇಳಲಿಲ್ಲ, ಇವನೂ ಕೇಳಲಿಲ್ಲ.